ಎಣಿಸುವಾಗಲೇ ಬದಲಾದ ಪಟ್ಟಿ

ಬೇಸಿಗೆ ಬಂತೆಂದರೆ ಕಲಬುರಗಿಯ ಜನ ತಂಪುಮನೆ ಸೇರಿ, ಮಳೆ ಬೀಳುವವರೆಗೆ ನಿದ್ದೆ ಹೋಗುತ್ತಿದ್ದರು. ಮಲಗಿದವರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಎಣಿಸುವುದು ಸುವರ್ಣಾಳ ಕೆಲಸ. ಮೂರು ದಿನದಿಂದ ಅವಳ ಪ್ರೋಗ್ರಾಂ ಅರ್ಧಕ್ಕೇ ನಿಂತು, 'ಎಣಿಸುತ್ತಿರುವಾಗಲೇ ಪಟ್ಟಿ ಬದಲಾಗಿದೆ' ಎಂಬ ಎರರ್ ತೋರಿಸುತ್ತಿತ್ತು. ಮಲಗಿದವರು ತಾವಾಗಿ ಎದ್ದು ಹೋಗುವುದುಂಟೇ? ಕೋಡನ್ನು ಎಷ್ಟು ತಿದ್ದಿದರೂ ಅದೇ ಗೋಳು.

ಮೇಲ್ವಿಚಾರಕ ಚಂದಪ್ಪ ಎಲೆ ಅಡಿಕೆ ಜಗಿಯುತ್ತ ಬಂದು, "ಮೊದ್ಲು ಪಟ್ಟಿದು ಕಾಪಿ ತಗೊ, ಆ ಕಾಪಿನೇ ಎಣಸು. ಎರರ್ ಬರಂಗಿಲ್ಲ," ಎಂದ.

ನಿಜಕ್ಕೂ ಬರಲಿಲ್ಲ. ಆದರೆ ಸುವರ್ಣಾ ಆ ಕಾಪಿಯನ್ನು ಮೂಲ ಪಟ್ಟಿಯ ಜೊತೆ ಹೋಲಿಸಿದಳು. ಅಷ್ಟರಲ್ಲೇ ಒಂಬತ್ತು ಹೆಸರು ಬದಲಾಗಿದ್ದವು. ಹೋದವರೆಲ್ಲ ಕಲ್ಲುಗಣಿಯ ಕೂಲಿಗಳು, ಬಂದವರೆಲ್ಲ ಚಂದಪ್ಪನ ಬೀಗರು.

ಅವಳು ತಂಪುಮನೆಯ ಹಿಂಬಾಗಿಲು ತೆರೆದಳು. ಕಾದ ತಗಡಿನ ಕೆಳಗೆ ಒಂಬತ್ತು ಮಂದಿ ಅರೆನಿದ್ದೆಯಲ್ಲಿ, ತಮ್ಮದೇ ವಾಂತಿಯಲ್ಲಿ ಬಿದ್ದಿದ್ದರು.

"ಮಳಿ ಬಂತೇನವ್ವಾ?" ಎಂದಳು ಒಬ್ಬ ಮುದುಕಿ.

ಹಿಂದೆಯೇ ಬಂದ ಚಂದಪ್ಪ ಗೋಡೆಗೆ ಉಗುಳಿ, "ಯಾಕ ತಲಿ ಕೆಡಿಸ್ಕೋತಿ? ಲೆಕ್ಕ ಸರಿ ಅದಲ್ಲ," ಎಂದ.

ಅವನ ಕೆಂಪು ಬಾಯಿಯನ್ನು ನೋಡಲಾಗದೆ ಸುವರ್ಣಾ ಒಳಗೆ ಓಡಿಹೋಗಿ, ಒಂಬತ್ತೂ ಬೀಗರನ್ನು ಎಬ್ಬಿಸುವ ಗುಂಡಿ ಒತ್ತಿದಳು.