ಮಾವನ ದುಬಾರಿ ಮೆಮೊರಿ

ಪರದೆಯ ಮೇಲೆ ಮೆಮೊರಿಯ ವೇಗ ತೋರಿಸುವ ಸಾಲು ಓದಿ ಸೊಸೆ ನಾಲಿಗೆ ಕಚ್ಚಿಕೊಂಡಳು. ಕಂಪ್ಯೂಟರ್ ರಿಪೇರಿ ಅವಳ ಕಸುಬು. ಮಾವನ ಗೇಮಿಂಗ್ ಕಂಪ್ಯೂಟರನ್ನು ಆರು ತಿಂಗಳ ಹಿಂದೆ ಜೋಡಿಸಿಕೊಟ್ಟವಳೂ ಅವಳೇ. "ಕಾರ್ ರೇಸಿಗೆ ಸಾಮಾನ್ಯ ಮೆಮೊರಿ ಧಾರಾಳ ಸಾಕು ಮಾವ," ಎಂದು ಎಷ್ಟು ಬಡಿದುಕೊಂಡರೂ ಆ ನಿವೃತ್ತ ಬಸ್ ಡ್ರೈವರು ಕೇಳದೆ, ಎರಡರಷ್ಟು ಬೆಲೆಯ ವೇಗದ ಮೆಮೊರಿಯನ್ನೇ ಹಾಕಿಸಿದ್ದರು. ಅದರ ಪೂರ್ತಿ ವೇಗ ಬರಬೇಕಾದರೆ ಸೆಟ್ಟಿಂಗಿನಲ್ಲಿ ಒಂದು ಆಯ್ಕೆಯನ್ನು ಆನ್ ಮಾಡಬೇಕು. ಅದನ್ನೇ ಅವಳು ಮರೆತಿದ್ದಳು! ಇಷ್ಟು ದಿನವೂ ಅದು ಅಗ್ಗದ ಮೆಮೊರಿಯ ವೇಗದಲ್ಲೇ ಓಡಿತ್ತು. ಮಾವ ಮಾತ್ರ ಮನೆಗೆ ಬಂದವರಿಗೆಲ್ಲ, "ಗಾಳಿ ಕಣ್ರೀ, ಗಾಳಿ!" ಎಂದು ಕೊಚ್ಚಿಕೊಳ್ಳುತ್ತಿದ್ದರು.

ಧೂಳು ಒರೆಸುವ ಬ್ರಷ್ಷನ್ನು ಕೆಳಗಿಟ್ಟು ಅವಳು ಸದ್ದಿಲ್ಲದೆ ಆ ಆಯ್ಕೆಯನ್ನು ಆನ್ ಮಾಡಿದಳು. "ಕ್ಲೀನ್ ಆಯ್ತು ಮಾವ, ಬನ್ನಿ."

ಮಾವ ಹಳೇ ಅಭ್ಯಾಸದಂತೆ ಆಟದ ಸ್ಟೀರಿಂಗಿಗೊಮ್ಮೆ ಬಟ್ಟೆ ಆಡಿಸಿ ಕೂತರು. ಮೊದಲ ತಿರುವು, ಎರಡನೆಯದು, ಸೇತುವೆ. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಸುತ್ತು ಮುಗಿಸಿ ಅವರು ಸಮಾಧಾನದ ಉಸಿರು ಬಿಟ್ಟರು.

"ಬಿಚ್ಚಿ ಜೋಡಿಸೋವಾಗ ಎಲ್ಲಿ ಏನು ಕೆಡುತ್ತೋ ಅಂತಿದ್ದೆ. ಇಲ್ಲ ಕಣಮ್ಮ, ಅದೇ ಸ್ಪೀಡು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ಸಾಮಾನ್ಯ ಮೆಮೊರಿಯೇ ಸಾಕೆಂಬ ವಾದವನ್ನೇನೋ ಅವಳು ಗೆದ್ದಾಗಿತ್ತು. ಆದರೆ ಅದನ್ನು ಹೇಳಬೇಕಾದರೆ ತನ್ನ ಮರೆವನ್ನೂ ಒಪ್ಪಿಕೊಳ್ಳಬೇಕು. ಸೊಸೆ ನಗು ನುಂಗಿಕೊಂಡು, "ದುಡ್ಡಿಗೆ ತಕ್ಕ ಮಾಲು ಮಾವ," ಎಂದಳು.