ಎರಡನೆಯ ತಟ್ಟೆ

ಮಗಳು ಧಾರಿಣಿ ಇನ್ನಿಲ್ಲವೆಂದು ಫೋನು ಬಂದದ್ದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ. ಹತ್ತೂವರೆಗೆ ಕೇಶವಮೂರ್ತಿಗಳು ದೆಹಲಿಯ ಹೌಜ್ ಖಾಸ್‌ನಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನ ಫರೀದಾಬಾದಿನಿಂದ ಬರುವಾಗ ಅವಳಿದ್ದ ಆಟೋಗೆ ಬಸ್ಸು ಗುದ್ದಿತ್ತು. ಆಸ್ಪತ್ರೆಯವರು ಬಿಳಿ ಬಟ್ಟೆ ಸುತ್ತಿದ ದೇಹದ ಮುಖವನ್ನಷ್ಟೇ ತೋರಿಸಿ, ದೇಹ ಬಿಟ್ಟುಕೊಡಲು ಅವಳ ಗುರುತಿನ ಚೀಟಿ ಬೇಕು ಎಂದಿದ್ದರು. ಅದು ಇಲ್ಲಿ ಅವಳ ಮೇಜಿನ ಡ್ರಾಯರಿನಲ್ಲಿತ್ತು.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸಂಯುಕ್ತಾ ಚೀಟಿಯನ್ನು ಹುಡುಕಿ ಕೊಟ್ಟಳು. ಅತ್ತು ಅತ್ತು ಅವಳ ಕಣ್ಣು ಬಾತಿತ್ತು. ಚೀಟಿ ಜೇಬಿಗೆ ಸೇರಿದರೂ ಕೇಶವಮೂರ್ತಿಗಳು ಹೊರಡಲಿಲ್ಲ. ಮೂಲೆಯಲ್ಲಿ ಬ್ಯಾಕ್ಟೀರಿಯಗಳನ್ನು ಬೆಚ್ಚಗಿಟ್ಟು ಬೆಳೆಸುವ ಇನ್‌ಕ್ಯುಬೇಟರ್ ಇತ್ತು. ಅದನ್ನೇ ನೋಡುತ್ತ, "ನಮ್ಮಿಬ್ಬರ ತಟ್ಟೆ ಅದರೊಳಗೇ ಇದೆ ಅಲ್ಲವೇನಮ್ಮ?" ಎಂದು ಕೇಳಿದರು.

"ಇದೆ ಅಂಕಲ್. ಹನ್ನೊಂದಕ್ಕೆ ತೆಗೀಬೇಕು."

ತಂದೆ ಮಗಳ ನಡುವೆ ಹಳೆಯ ಜಗಳವೊಂದಿತ್ತು. ಲ್ಯಾಬಿನಿಂದ ಬಂದ ಕೈಯಲ್ಲಿ ದೇವರ ದೀಪ ಮುಟ್ಟಬೇಡ, ಸ್ನಾನ ಮಾಡಿ ಬಾ ಎಂದು ಅವರು. ಸೋಪಿನಲ್ಲಿ ತೊಳೆದ ತನ್ನ ಕೈ ಅವರ ಮಡಿಯ ಕೈಗಿಂತ ಚೊಕ್ಕಟ ಎಂದು ಅವಳು. ಕೊನೆಗೆ ಶನಿವಾರ ಅವಳೇ ಅವರನ್ನು ಇಲ್ಲಿಗೆ ಕರೆತಂದು, ಬ್ಯಾಕ್ಟೀರಿಯಗಳಿಗೆ ಆಹಾರ ಹಾಕಿದ್ದ ಎರಡು ಗಾಜಿನ ತಟ್ಟೆಗಳ ಪೈಕಿ ಒಂದರಲ್ಲಿ ಅವರ ಐದು ಬೆರಳನ್ನು ಒತ್ತಿಸಿ, ಇನ್ನೊಂದರಲ್ಲಿ ತನ್ನ ಐದು ಬೆರಳನ್ನು ಒತ್ತಿದ್ದಳು. ತಟ್ಟೆಯ ಮೇಲೆ ಹೆಸರು ಬರೆಯಲಿಲ್ಲ. ಎಣಿಸುವವರಿಗೆ ಯಾರದು ಯಾವುದೆಂದು ತಿಳಿಯಬಾರದು, ಅದು ಲ್ಯಾಬಿನ ಕೆಲಸದ ಕ್ರಮ. ತಂದೆಯನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಒಂದು, ಎರಡು ಎಂದು ಅಂಕೆಯನ್ನಷ್ಟೇ ಬರೆದಿದ್ದಳು. "ನಿಮ್ಮ ಮಡಿಗೆ ಎಷ್ಟು ಮಾರ್ಕ್ಸ್ ಅಂತ ಸೋಮವಾರ ಗೊತ್ತಾಗುತ್ತೆ, ಅಪ್ಪಾ." ತಾನು ಗೆದ್ದರೆ ಅಂದು ಸಂಜೆ ಸ್ನಾನವಿಲ್ಲದೆ ದೀಪ ಹಚ್ಚುವೆನೆಂಬುದು ಅವಳ ಪಣ.

ಈಗಲೇ ಎಣಿಸೆಂದು ಕೇಶವಮೂರ್ತಿಗಳು ಹೇಳಿದರು. ಇವತ್ತು ಬೇಡವೆಂದು ಸಂಯುಕ್ತಾ ಬೇಡಿಕೊಂಡಳು. ಅವರು ಕುರ್ಚಿ ಎಳೆದು ಕೂತುಬಿಟ್ಟರು. ವಿಧಿಯಿಲ್ಲದೆ ಅವಳು ತಟ್ಟೆಗಳನ್ನು ತೆಗೆದು, ದೀಪವಿದ್ದ ಭೂತಗನ್ನಡಿಯ ಕೆಳಗೆ ಮೊದಲನೆಯದನ್ನು ಇಟ್ಟಳು. ಬೆರಳು ತಾಗಿದ್ದಲ್ಲೆಲ್ಲ ಬಿಳಿಯ, ಹಳದಿಯ ಚುಕ್ಕೆಗಳು ಬೆಳೆದಿದ್ದವು. ಒಂದೊಂದು ಚುಕ್ಕೆಗೂ ಪೆನ್ನು ಮುಟ್ಟಿಸಿದಂತೆ ಯಂತ್ರ ಟಿಕ್ ಎಂದು ಲೆಕ್ಕ ಏರಿಸುತ್ತಿತ್ತು. ಮೂವತ್ತೆಂಟಕ್ಕೆ ನಿಂತಿತು. ಎರಡನೆಯದು ಮುಗಿಯುವಂತೆಯೇ ಕಾಣಲಿಲ್ಲ. ಪ್ರತಿ ಟಿಕ್ಕಿಗೂ ಜಪಕ್ಕೆ ಕೂತಾಗಿನಂತೆ ಅವರ ತುಟಿ ಅಲುಗುತ್ತಿತ್ತು. ಇನ್ನೂರ ಹದಿನಾಲ್ಕು.

"ಧಾರಿಣಿಯದು ಯಾವುದು?"

"ಗೊತ್ತಿಲ್ಲ ಅಂಕಲ್. ಯಾರದು ಯಾವ ನಂಬರ್ ಅಂತ ಬರೆದ ಚೀಟಿ ಅವಳ ಪರ್ಸಲ್ಲಿತ್ತು."

ಪರ್ಸು ರಸ್ತೆಯಲ್ಲೇ ಹೋಗಿತ್ತು. ಕೇಶವಮೂರ್ತಿಗಳು ಎರಡನೆಯ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದರು. ನಾಲ್ಕು ಬೆರಳಿನ ಗುರುತು ನೆಟ್ಟಗಿತ್ತು. ಕಿರುಬೆರಳಿನದು ಮಾತ್ರ ಓರೆಯಾಗಿ ಆಚೆಗೆ ಸರಿದಿತ್ತು. ಆರು ವರ್ಷದ ಧಾರಿಣಿ ಒಂದು ದಿನ ಆಟದಿಂದ ಬಂದವಳೇ, ಸ್ನಾನವಿಲ್ಲದೆ ದೇವರ ಕೋಣೆಗೆ ಓಡಿ ಬಂದಿದ್ದಳು. ಇವರು ರೇಗಿ ಬಾಗಿಲು ತಳ್ಳಿದ್ದರು. ಸಂದಿಯಲ್ಲಿ ಸಿಕ್ಕಿದ ಬೆರಳಿನ ಮೂಳೆ ಕೂಡಿಕೊಂಡರೂ ಓರೆ ಹಾಗೆಯೇ ಉಳಿದಿತ್ತು.

"ಇದು" ಎಂದರು. ಕಡಿಮೆ ಚುಕ್ಕೆಯ ತಟ್ಟೆ ಅವರದು; ಗೆದ್ದವರು ಅವರೇ.

"ಇವು ಇನ್ನೂ ಜೀವಂತ ಇವೆಯೇ?"

"ಇವೆ ಅಂಕಲ್."

"ನನ್ನ ಮಗುವಿನ ಕೈಯಿಂದ ಬಂದವು. ಮನೆಗೆ ತಗೊಂಡು ಹೋಗ್ತೀನಿ."

ಕೊಡಲಾಗದು ಎಂದಳು ಸಂಯುಕ್ತಾ. ಒಂದೊಂದು ಚುಕ್ಕೆಯಲ್ಲೂ ಲಕ್ಷಗಟ್ಟಲೆ ಇರುತ್ತವೆ, ಯಾವ ರೋಗದ್ದು ಬೆಳೆದಿದೆಯೋ ತಿಳಿಯದು ಎಂದು ವಿವರಿಸಿದಳು. ಅವರಿಗೆ ಕೇಳಿಸಿದಂತಿರಲಿಲ್ಲ. ಅವರ ಹೆಬ್ಬೆರಳು ಮುಚ್ಚಳದ ಅಂಚಿಗೆ ಹೋಯಿತು. ಗಾಜು ಕೂದಲೆಳೆಯಷ್ಟು ಮೇಲೆದ್ದಿತು. ಅಟೆಂಡರ್ ಬಾಗಿಲಲ್ಲಿ ನಿಂತು, "ದೀದಿ, ಗ್ಯಾರಹ್ ಬಜ್ ಗಯೇ" ಎಂದು ಹನ್ನೊಂದಾದದ್ದನ್ನು ನೆನಪಿಸಿದ. ಬಳಸಿದ ತಟ್ಟೆಗಳನ್ನು ಆವಿಯಲ್ಲಿ ಬೇಯಿಸಿ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆಟೋಕ್ಲೇವ್ ಆಗಲೇ ಸಿದ್ಧವಾಗಿತ್ತು.

ಸಂಯುಕ್ತಾ ಅವರ ಕೈಯ ಮೇಲೆ ಕೈಯಿಟ್ಟು ಮುಚ್ಚಳವನ್ನು ಒತ್ತಿ ಹಿಡಿದಳು. "ನಾಳೆಗೆ ಈ ಬೆರಳುಗಳು ಒಂದಕ್ಕೊಂದು ಬೆರೆತು ಹೋಗ್ತವೆ ಅಂಕಲ್, ಗುರುತು ಉಳಿಯಲ್ಲ. ಮುಟ್ಟೋಕೆ ಅವಳೂ ಬಿಡ್ತಿರಲಿಲ್ಲ. ಮೊದಲು ಕೈ ತೊಳೆದು ಬನ್ನಿ ಅಪ್ಪಾ ಅಂತಿದ್ದಳು."

ಅವರ ಬೆರಳು ಸಡಿಲವಾಯಿತು. "ಹಾಗಾದರೆ ನಾನೇ ಇಡ್ತೀನಿ. ಬೇರೆಯವರ ಕೈ ಬೇಡ" ಎಂದರು.

ದೊಡ್ಡ ಕುಕ್ಕರಿನಂತಿದ್ದ ಆ ಪಾತ್ರೆಯೊಳಗೆ ಮಗಳ ತಟ್ಟೆಯನ್ನು ಇಟ್ಟರು. ಅದರ ಮೇಲೆ, ಕೈಮೇಲೆ ಕೈ ಇಡುವಂತೆ, ತಮ್ಮದನ್ನು ಇಟ್ಟರು. ಅಟೆಂಡರ್ ತಿರುಪು ಬಿಗಿದು ಹಿಂದೆ ಸರಿದ. ಸ್ವಿಚ್ಚನ್ನು ಅವರೇ ಒತ್ತಿದರು. ಸ್ವಲ್ಪ ಹೊತ್ತಿನಲ್ಲಿ ಒಳಗೆ ನೀರು ಕುದಿಯುವ ಸದ್ದು ಕೇಳಿತು.

ಸೂತಕದಲ್ಲಿ ಮಂತ್ರ ಹೇಳುವಂತಿರಲಿಲ್ಲ. ಕೇಶವಮೂರ್ತಿಗಳು ಕೈಮುಗಿದು ಬರಿಯ ಮಾತಿನಲ್ಲೇ ಬೇಡಿಕೊಂಡರು: "ಸ್ವಾಮಿ, ನನ್ನ ಮಗು ನಿನ್ನ ಹತ್ತಿರ ಬರುತ್ತಿದೆ. ಅವಳ ಜೀವಕ್ಕೆ ಶಾಂತಿ ಕೊಡು. ಸ್ನಾನ ಆಯಿತೇ ಎಂದು ಕೇಳಬೇಡ. ಬಾಗಿಲು ಹಾಕಬೇಡ."