ತಗಡು ತೂರಿದ ಕಲ್ಲು

ಮೃಗಶಿರಾ ಮಳೆ ಇನ್ನೇನು ಬರಬೇಕು. ಮರಾಠಿ ಸೀಮೆಯ ಗಂಗಾಪುರದ ಪೇಟೆಗೆ ಹತ್ತಿ ಬೀಜ ಕೊಳ್ಳಲು ಬಂದ ರೈತರು ಚೀಲಗಳನ್ನು ಕಾಲಸಂದಿಯಲ್ಲಿಟ್ಟುಕೊಂಡು ಕರಾವಳಿಯಿಂದ ಬಂದು ನೆಲೆಸಿದ ರತ್ನಾಕರನ ಹೋಟೆಲಿನಲ್ಲಿ ಇಡ್ಲಿಗೆ ಕಾಯುತ್ತಿದ್ದರು. ಒಳಗಿನಿಂದ ಅವನ ಹೆಂಡತಿ ಗುಣವತಿ ಕೂಗಿಕೊಂಡಳು. ರತ್ನಾಕರ ಓಡಿದ. ಮರಳಿ ಬಂದಾಗ ಅವನ ಕೈಯಲ್ಲಿ ಟವೆಲ್ಲಿನ ಗಂಟೊಂದಿತ್ತು. ಅದನ್ನು ಅವಸರದಲ್ಲಿ ಗಲ್ಲಾದ ಕೆಳಗೆ ತುರುಕಿದ.

“ಏನ್ರೀ ಅದು?” ಎಂದರು ಸುಧಾಕರ. ಧಾರವಾಡದಿಂದ ಇಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದವರು. ಬೆಳಗಿನ ತಿಂಡಿ ಇಲ್ಲಿಯೇ.

“ಎಂತದ್ದೂ ಇಲ್ಲ ಮಾರಾಯ್ರೆ. ನೀವು ತಿನ್ನಿ.”

ಟವೆಲ್ಲು ಜಾರಿತ್ತು. ಮುಷ್ಟಿಗಿಂತ ದೊಡ್ಡದಾದ ಕರಿಕಲ್ಲು. ಮೈಯೆಲ್ಲ ಸುಟ್ಟಂಥ ಹೊಳಪು.

“ನಿನ್ನಿ ಸಂಜಿ ಆಕಾಶದಾಗ ಉರದು ಗುಡುಗಿತಲ್ರೀ, ಊರ ಮಂದಿಯೆಲ್ಲಾ ನೋಡಿತು. ಅದರ ಚೂರೇನ್ರಿ ಇದು?”

“ಶ್! ಯಶವಂತರಾವ್‌ಗೆ ಗೊತ್ತಾದ್ರೆ ಮುಗೀತು.”

ಯಶವಂತರಾವ್ ಈ ಕಟ್ಟಡದ ಮಾಲೀಕ. ಗುಟ್ಟು ಹೇಳುವಾಗಲೂ ರತ್ನಾಕರನ ದನಿ ಕೊನೆಯ ಮೇಜಿನವರೆಗೆ ಹೋಯಿತು. ಇಡ್ಲಿಯ ಎರಡನೆಯ ಪಾತ್ರೆ ಒಲೆಯಿಂದ ಇಳಿಯುವಷ್ಟರಲ್ಲಿ ಮಾಲೀಕ ಬಂದಿದ್ದ.

ಬಾಡಿಗೆಗೆಂದು ಬಂದಾಗ ಗಲ್ಲಾ ದಾಟದ ಮನುಷ್ಯ ಅಂದು ನೇರ ಅಡುಗೆಮನೆಗೆ ನುಗ್ಗಿದ. ಮೇಲೆ ತಗಡಿನಲ್ಲಿ ತೂತು. ಅದರೊಳಗಿಂದ ಬಿಸಿಲು ಹಿಟ್ಟಿನ ಪಾತ್ರೆಯ ಮೇಲೆ ಬಿದ್ದಿತ್ತು. ಪಾತ್ರೆಯ ಕಂಠ ನೆಗ್ಗಿತ್ತು.

“ತೂತಿನ ಅಂಚು ಕೆಂಪಗಿದೆಯಲ್ಲ?” ಎಂದು ಮರಾಠಿಯಲ್ಲಿ ಕೇಳಿದ.

“ಬೆಂಕಿಯಾಗಿ ಬಂದ ಕಲ್ಲು,” ಎಂದಳು ಗುಣವತಿ. “ತಗಡು ಸುಡದೆ ಇರ್ತದಾ?”

ಯಶವಂತರಾವ್ ತಲೆಯಾಡಿಸಿದ. “ಸರಿ. ತಗಡು ನನ್ನದು ಅಣ್ಣಾ. ಅದನ್ನು ತೂರಿ ಬಂದ ಕಲ್ಲೂ ನನ್ನದು.”

“ಬಿದ್ದದ್ದು ನನ್ನ ಪಾತ್ರೆಗೆ,” ಎಂದ ರತ್ನಾಕರ. “ಹೋದ ಮಳೆಗಾಲದಲ್ಲಿ ಸೋರ್ತದೆ ಅಂತ ಹೇಳಲಿಕ್ಕೆ ಬಂದಾಗ ನೀವೇ ಹೇಳಿದ್ರಲ್ಲ? ಒಳಗೆ ಬಿದ್ದದ್ದು ಬಾಡಿಗೆದಾರನದು ಅಂತ?”

ಬಾಗಿಲಲ್ಲಿ ಗುಂಪುಗೂಡಿದ್ದ ರೈತರು ಗೊಳ್ಳೆಂದು ನಕ್ಕರು.

“ನೀರು ಬೇರೆ, ಉಲ್ಕೆ ಬೇರೆ!” ಎಂದ ಯಶವಂತರಾವ್.

“ಇಬ್ಬರದೂ ಅಲ್ರೀ,” ಎಂದರು ಸುಧಾಕರ, ಕೈತೊಳೆದು ಬಂದು. “ಇದು ಸರಕಾರಕ್ಕ ಹೋಗಬೇಕು. ಮ್ಯೂಸಿಯಮ್ಮಿನಾಗ ಇಟ್ಟರ ಹುಡುಗ್ರು ನೋಡಿ ನಾಕು ಅಕ್ಷರ ಕಲೀತಾವ. ನಾ ನಾಳೆ ಆಫೀಸಿನವರಿಗೆ ತಿಳಸ್ತೀನಿ.”

“ಆಕಾಶವೂ ಸರಕಾರದ್ದಾಯಿತೇ?” ಎಂದ ಮುದಿ ರೈತನೊಬ್ಬ. “ವೇರೂಳಿನ ಗುಡಿಗೆ ಒಯ್ದು ಸಿಂಧೂರ ಬಳಿಯಿರಿ. ದೇವರು ಎಸೆದದ್ದು ದೇವರ ಬಾಗಿಲಿಗೇ ಹೋಗಲಿ.”

ಸುಧಾಕರರ ‘ನಾಳೆ’ ಎಂಬ ಮಾತು ಯಶವಂತರಾವ್‌ನನ್ನು ಕುಟುಕಿತು. ರತ್ನಾಕರ ಬಗಲಲ್ಲಿ ಅವುಚಿಕೊಂಡು ಬಂದಿದ್ದ ಗಂಟಿನಿಂದ ಕಲ್ಲನ್ನು ಕಸಿದು ಮೂಗಿಗೆ ಹಿಡಿದ. ಕಣ್ಣರಳಿತು.

“ಗಂಧಕ! ಮೂಗಿಗೆ ಹೊಡೆಯುತ್ತದೆ. ಭೂಮಿಯ ಕಲ್ಲಿಗೆ ಈ ವಾಸನೆ ಎಲ್ಲಿಂದ ಬರಬೇಕು?”

ಅಲ್ಲಿಯೇ ನಿಂತು ನಾಶಿಕಕ್ಕೆ ಫೋನು ಹಚ್ಚಿದ. ಪಂಚವಟಿಯ ಅಭಿಜಿತ್ ಇಂಥ ಕಲ್ಲುಗಳನ್ನು ಸಂಗ್ರಹಿಸುವವನು. ಅವನ ದನಿ ಎಲ್ಲರಿಗೂ ಕೇಳಿಸಿತು: “ನೋಡದೆ ಏನೂ ಹೇಳಲಾರೆ. ಆದರೆ ಬರುವಾಗ ತೂತುಬಿದ್ದ ತಗಡನ್ನೂ ತನ್ನಿ. ಮನೆ ತೂರಿದ ಕಲ್ಲಿನ ಗತ್ತೇ ಬೇರೆ. ಪಕ್ಕದಲ್ಲಿ ಮನೆಯ ಮಾಲೀಕರ ಹೆಸರು ಹಾಕಿಸುತ್ತೇನೆ.”

ಮಾಲೀಕರ ಹೆಸರು. ಯಶವಂತರಾವ್ ಮೀಸೆ ಸವರಿಕೊಂಡ. ಏಣಿ ತರಲು ಹೇಳಿದ.

ಗುಣವತಿ ಅವನ ಕೈಯಿಂದ ಕಲ್ಲನ್ನು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿ, ಏಣಿ ಇಡಬೇಕಾದ ಜಾಗದಲ್ಲಿಯೇ ಕುಳಿತುಬಿಟ್ಟಳು.

“ವರ್ಷಾ ವರ್ಷಾ ಈ ತಗಡಿಗೆ ಡಾಂಬರು ಮೆತ್ತಿದವರು ನಾವು. ಆಫೀಸಿನವರು ಬಂದರೆ ತಗಡು ಯಾರದ್ದು ಅಂತ ಅವರೇ ಹೇಳಲಿ.”

“ನನ್ನದು, ತಾಯಿ!”

“ನಿಮ್ಮದಾದರೆ ತೋರಿಸಿ. ಮೊದಲು ಹೊಸ ತಗಡು ಬಂದು ಅಂಗಳದಲ್ಲಿ ಇಳೀಲಿ. ಆಮೇಲೆ ಹಳೆಯದನ್ನು ಮುಟ್ಟಿ. ಬರಿ ಆಕಾಶದ ಕೆಳಗೆ ನಾನು ಸಾಂಬಾರು ಕುದಿಸುವುದಿಲ್ಲ.”

ರತ್ನಾಕರ ಹೆಂಡತಿಯ ಮೇಲೆ ರೇಗಿದ. ಬಂದ ಭಾಗ್ಯವನ್ನು ಕೊಟ್ಟುಬಿಡುತ್ತೀಯಾ ಎಂದು ಹಣೆ ಬಡಿದುಕೊಂಡ. ಅವನು ಬಡಿದುಕೊಂಡಷ್ಟೂ ಮಾಲೀಕನ ಹುರುಪು ಏರಿತು. ತಗಡು ಬಂತು, ಫಿಟ್ಟರ್ ಬಂದ. ತೂತಿನ ತಗಡು ಕೀಳುವಾಗ ಅದರ ಜೊತೆಗೆ ಅಕ್ಕಪಕ್ಕದವೂ ಪುಡಿಪುಡಿಯಾಗಿ ಬಂದವು. ಇದಕ್ಕೆ ಬೋಲ್ಟು ನಿಲ್ಲುವುದಿಲ್ಲ, ಇಡೀ ತಗಡಿನ ಮಾಡು ಬದಲಿಸಬೇಕು ಎಂದ ಫಿಟ್ಟರ್. ಯಶವಂತರಾವ್ ಒಮ್ಮೆ ಮಾಡನ್ನು ನೋಡಿದ, ಒಮ್ಮೆ ಗುಣವತಿಯ ಸೆರಗನ್ನು ನೋಡಿದ.

“ಬದಲಿಸು.”

ರೈತರು ಊರಿನ ಬಸ್ಸು ಹೋದರೂ ಏಳದೆ ಚಹಾ ಕುಡಿಯುತ್ತ ಕೂತು ನೋಡಿದರು. ಹೊತ್ತು ಇಳಿಯುವಾಗ ಮಾಡು ಹೊಳೆಯುತ್ತಿತ್ತು. ತೂತಿನ ತಗಡು ಟೆಂಪೋ ಏರಿತು. ಗುಣವತಿ ಸೆರಗಿನ ಗಂಟು ಬಿಚ್ಚಿದಳು. ಯಶವಂತರಾವ್ ಕಲ್ಲನ್ನು ರೇಷ್ಮೆಯ ಶಾಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡ.

“ನಿನ್ನ ಹೆಸರೂ ಹೇಳುತ್ತೇನೆ ಅಣ್ಣಾ. ಬಾಡಿಗೆದಾರ ಅಂತ.”

ರತ್ನಾಕರ ತಲೆ ತಗ್ಗಿಸಿ ನಿಂತಿದ್ದ. ಟೆಂಪೋ ನಾಶಿಕದ ದಾರಿ ಹಿಡಿಯಿತು.

“ಹೋಗ್ಲಿ ಬಿಡ್ರಿ,” ಎಂದು ಸುಧಾಕರ ಅವನ ಬೆನ್ನು ತಟ್ಟಿದರು. “ಯಾರ ಹಣಿಯಾಗ ಏನ ಬರದಿರತದೋ ಅದ ಸಿಗೋದು.”

ಅಂದೇ ಸಂಜೆ ಮಳೆ ಬಂತು. ಹೊಸ ತಗಡು ತಮಟೆಯಂತೆ ಬಡಿದುಕೊಂಡಿತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ರತ್ನಾಕರ ಅಡುಗೆಮನೆಯ ನಡುವೆ ನಿಂತು ಮೇಲೆಯೇ ನೋಡುತ್ತಿದ್ದ. ಒಲೆಯ ಮೇಲೆ ಸಾಂಬಾರು ಕುದಿಯುತ್ತಿತ್ತು.

“ನೋಡಿದ್ದು ಸಾಕು,” ಎಂದು ಗುಣವತಿ ಮೂಗಿಗೆ ಹೊಡೆಯುವ ಇಂಗಿನ ಗಟ್ಟಿಯೊಂದನ್ನು ಅವನ ಅಂಗೈಗಿಟ್ಟಳು. “ಊರಿಗೆ ಫೋನ್ ಮಾಡಿ ಇನ್ನೊಂದು ಕಲ್ಲು ಕಳಿಸ್ಲಿಕ್ಕೆ ಹೇಳಿ. ಇಷ್ಟು ವರ್ಷ ಇದನ್ನು ಕುಟ್ಟಿದ ಕಲ್ಲನ್ನು ನೀವು ಆಕಾಶದಿಂದ ಬೀಳಿಸಿ ಆಯ್ತಲ್ಲ.”